ಕಂಡಕ್ಟರ್ ಸಾಹೇಬರಿಗೆ ಕಾಡಿನಿಂದ

ಜೋಯಿಡಾ ಕಡೆಯ ಕಾಡು
೧೭ ಅಕ್ಟೋಬರ್ ೨೦೨೪, ಗುರುವಾರ

ದೋಸ್ತ ಹನೀಫನಿಗೆ ನಿನ್ನ ಗುರುಲಿಂಗಪ್ಪನ ಶರಣು, ಸಲಾಮು, ಎರಡೂ.

ಬರೆಯುವುದು ತಡವಾಯಿತು, ಬೈಯಬೇಡ. ಬೇಸಿಗೆಯಿಂದ ಎಷ್ಟೋ ಸಲ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ, ಎದ್ದು ಹೋಗಿದ್ದೇನೆ. ಸ್ಟೀರಿಂಗ್ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ ಎಂದು ನೆಪ ಹೇಳಿದರೆ ನೀನು ನಂಬುವವನೂ ಅಲ್ಲ. ಫೋನು ಮಾಡೋಣವೆಂದರೆ, ಗಂಟಲಿನ ಆಪರೇಶನ್ ಆಗಿ ದನಿಪೆಟ್ಟಿಗೆ ತೆಗೆದ ದಿನದಿಂದ ನೀನು ಮೊಬೈಲನ್ನು ಕಪಾಟಿನೊಳಗೆ ಹಾಕಿ ಕೀಲಿ ಜಡಿದಿದ್ದೀಯಂತೆ. ಮೆಸೇಜು ಕೂಡ ನೋಡುವುದಿಲ್ಲವಂತೆ. ನಿನ್ನ ಮಗಳು ಮೆಹನಾಜಳಿಗೆ ಫೋನು ಹಚ್ಚಿ ಕೇಳಿದರೆ, "ಕಾಕಾ, ಅಬ್ಬಾ ಮೊಬೈಲ್ ಮುಟ್ಟಂಗಿಲ್ಲರಿ. ಶುಕ್ರವಾರ ನಮಾಜಿಗೂ ಹೋಗಂಗಿಲ್ಲ. ನೀವು ಪತ್ರ ಬರೀರಿ, ಪೇಪರ್ ಮ್ಯಾಲಿಂದು ಆದ್ರ ಓದ್ತಾರ" ಎಂದಳು. ಅದಕ್ಕೇ ಈ ಪತ್ರ.

ಈಗ ನಾನು ಎಲ್ಲಿದ್ದೇನೆ ಗೊತ್ತೇನು? ನಮ್ಮ ಇಂಡಿ–ಕಾರವಾರ ಗಾಡಿಯ ಘಟ್ಟದ ಕಾಡಿನೊಳಗೆ! ರಸ್ತೆಯ ಮೇಲಲ್ಲ, ಒಳಗೆ. ತಗಡಿನ ಶೆಡ್ಡಿನ ಮುಂದೆ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸುತ್ತಲೂ ಎಂಥ ಗಿಡಗಳು ಎನ್ನುತ್ತೀ! ತುದಿ ನೋಡಬೇಕೆಂದು ಕತ್ತು ಎತ್ತಿದರೆ ತಲೆಯ ಟೋಪಿ ಹಿಂದೆ ಬೀಳುತ್ತದೆ. ನಮ್ಮ ಕಡೆ ಒಂದು ಬೇವಿನ ಗಿಡದ ನೆರಳಿಗೆ ನಾಲ್ಕು ಎತ್ತು, ಎಂಟು ಮಂದಿ ಕಾಯುತ್ತಾರೆ. ಇಲ್ಲಿ ನೆರಳು ಬೇಡವೆಂದರೂ ಬಿಡುವುದಿಲ್ಲ.

ನಿವೃತ್ತಿಯಾದ ಮೇಲೆ ಇದರೊಳಗೆ ನಡೆದುಕೊಂಡು ಹೋಗೋಣ ಎಂದು ಹೇಳುತ್ತ ಬಂದವನು ನೀನು. ಬೆಳಗಿನ ಜಾವ ಗಾಡಿ ಘಟ್ಟ ಇಳಿಯುವಾಗ ಹಿಂದಿನ ಬಾಗಿಲಲ್ಲಿ ನಿಂತು ಕಾಡು ನೋಡುತ್ತಿದ್ದವನೂ ನೀನೇ. ನಾನೇನು ನೋಡಿದ್ದೆ? ರಸ್ತೆ, ತಿರುವು, ಎದುರಿನ ಲಾರಿಯ ಲೈಟು. ಡ್ರೈವರನ ಕಣ್ಣು ಆಚೀಚೆ ಹೋದರೆ ಗಾಡಿ ತುಂಬ ಜನ ಕಣಿವೆಗೆ. ಹಾಗಾಗಿ ಕಾಡಿನೊಳಗೆ ನಡೆಸಿ ತೋರಿಸುವ ಈ ಕ್ಯಾಂಪಿಗೆ ಇಬ್ಬರ ಹೆಸರೂ ಕೊಟ್ಟಿದ್ದೆ. ನೀನು ಬರುವುದಿಲ್ಲವೆಂದು ಮೆಹನಾಜಳ ಕೈಲಿ ಹೇಳಿಸಿದೆ. ಆಯಿತು, ಒಬ್ಬನೇ ಬಂದೆ. ಆದರೆ ಸುಳ್ಳು ಹೇಳುವುದಿಲ್ಲ, ಕಾಡು ನೋಡುವುದಕ್ಕಷ್ಟೇ ಬಂದದ್ದಲ್ಲ. ನಿನ್ನನ್ನು ಆ ಮನೆಯೊಳಗಿಂದ ಹೊರಗೆ ಎಳೆಯಬೇಕು, ಎಳೆದು ಎಲ್ಲಿಗೆ ಒಯ್ಯಬೇಕು ಎಂದು ಯೋಚಿಸಿದಾಗ ಈ ಜಾಗವೇ ಕಣ್ಣ ಮುಂದೆ ಬಂತು. ಹೊಸ ರೂಟಿಗೆ ಮೊದಲು ಖಾಲಿ ಗಾಡಿ ಓಡಿಸಿ ನೋಡುತ್ತೇವಲ್ಲ, ಹಾಗೆ ಮೊದಲು ನಾನೊಬ್ಬ ನೋಡಿ ಹೋಗಲು ಬಂದಿದ್ದೇನೆ.

ಗೈಡು ಯಾರು ಹೇಳು? ನಮ್ಮ ಕಡೆಯ ಹುಡುಗಿ! ಬಸವನ ಬಾಗೇವಾಡಿ ತಾಲೂಕಿನ ಮಸೂತಿಯವಳು, ಸಂಘಮಿತ್ರಾ. ಮೂವತ್ತರ ಆಸುಪಾಸು ವಯಸ್ಸು. ಪ್ರಾಣಿಶಾಸ್ತ್ರ ಓದಿದ್ದಾಳೆ. ಬಾಯಿ ಮಾತ್ರ ನಮ್ಮ ಡಿಪೊ ಮ್ಯಾನೇಜರನದು. ನಾನು ಗಾಡಿ ಇಳಿದು ಕೈಮುಗಿದೆನೋ ಇಲ್ಲವೋ, "ಕಾಕಾ, ಯಾವ ಎಣ್ಣಿ ಹಚ್ಕೊಂಡ್ ಬಂದೀರಿ ತಲಿಗೆ? ಈ ವಾಸನಿಗೆ ಪ್ರಾಣಿ ಎಲ್ಲಾ ಗೋವಾ ದಾಟಿ ಹೋಗ್ತಾವ. ಹೋಗ್ರಿ, ತೊಳ್ಕೊಂಡ್ ಬರ್ರಿ" ಎಂದಳು. ಬಿಳಿ ಅಂಗಿಯನ್ನೂ ತೆಗೆಸಿದಳು. ಮತ್ತೇನು ಹಾಕಲಿ? ಚೀಲದಡಿಯಲ್ಲಿ ಹಳೆಯ ಖಾಕಿ ಯೂನಿಫಾರ್ಮ್ ಅಂಗಿ ಇತ್ತು, ಕೊಳೆ ಕೆಲಸಕ್ಕಿರಲಿ ಎಂದು ತಂದದ್ದು. "ಹಾಂ, ಇದು ಬರೋಬ್ಬರಿ. ಕಾಡಿಗೆ ಇದಕ್ಕಿಂತ ಚೊಲೊ ಬಣ್ಣ ಇಲ್ಲ" ಎಂದಳು. ನೋಡು, ನಿವೃತ್ತಿಯಾದ ಮೇಲೂ ಡ್ಯೂಟಿ ಬಟ್ಟೆ ಬಿಡಲಿಲ್ಲ. ನಿನ್ನದೂ ಟ್ರಂಕಿನಲ್ಲಿ ಇರಬೇಕಲ್ಲ? ಇಲಿ ತಿಂದಿವೆಯೋ ನೋಡು.

ನಮ್ಮ ಗುಂಪಿನಲ್ಲಿ ನಾಲ್ಕಾರು ಜನ. ನಿನಗೆ ಹೇಳಬೇಕಾದವರು ಇಬ್ಬರೇ. ಮುದ್ದೇಬಿಹಾಳದ ಬಟ್ಟೆ ಅಂಗಡಿಯ ಸಂಜೀವಕುಮಾರ, ಅವನ ಹೆಂಡತಿ ಭಾಗ್ಯಜ್ಯೋತಿ. ಅವನ ಬಾಯಿಗೆ ಬ್ರೇಕೇ ಇಲ್ಲ. ಹುಬ್ಬಳ್ಳಿಯಿಂದ ಇಲ್ಲಿಯ ತನಕ ಸೀರೆ ದರ, ಸಾಲಿ ಮಕ್ಕಳ ಯೂನಿಫಾರ್ಮು, ತನ್ನ ಮೊಣಕಾಲು, ಎಲ್ಲ ಮುಗಿಸಿದ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ನಾಳೆಯಿಂದ ಅವನಿಗೆ ಪರೀಕ್ಷೆ ಇದೆ. ಸಂಘಮಿತ್ರಾ ಈಗಷ್ಟೇ ಎಲ್ಲರನ್ನೂ ಕೂರಿಸಿ ಹೇಳಿದಳು: "ನಾಳಿ ಮುಂಜಾನಿ ಗೇಟ್ ದಾಟಿದ ಮ್ಯಾಲೆ ಎಲ್ಲಾರ ಬಾಯಿ ಬಂದ್. ಕಾಡ್ಯಾಗ ಮಾತಾಡಿದ್ರ ನಿಮಗ ಗಿಡಾ ಅಷ್ಟ ಕಾಣ್ತಾವ. ಪ್ರಾಣಿ ನೋಡೋದಿದ್ರ ಕೈಸನ್ನಿ ಕಲೀರಿ." ಕೇಳಿ ಸಂಜೀವಕುಮಾರನ ಮುಖ ಬಾಡಿತು. ನನ್ನ ಎದೆ ಮಾತ್ರ ಯಾಕೋ ಡಬಡಬ ಹೊಡೆದುಕೊಂಡಿತು. ಯಾಕೆಂದು ಮುಂದಿನ ಪತ್ರದಲ್ಲಿ ಹೇಳುತ್ತೇನೆ, ಇನ್ನೂ ನನಗೇ ಸರಿಯಾಗಿ ಗೊತ್ತಿಲ್ಲ.

ಇಲ್ಲಿ ಒಂದು ಫಜೀತಿಯಾಗಿದೆ. ನನ್ನ ಮನೆಯಾಕೆ ಇಂದುಬಾಯಿ ದೊಡ್ಡ ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ನಮ್ಮ ಮನೆಯಲ್ಲಿ ತಿಂಗಳಿಟ್ಟರೂ ಹಲ್ಲಿಗೆ ಸವಾಲು ಹಾಕುವ ರೊಟ್ಟಿ. ಇಲ್ಲಿಯ ಹಸಿ ಗಾಳಿಗೆ ಒಂದು ಸಂಜೆಯಲ್ಲಿ ಮೆತ್ತಗಾಗಿ, ಮಡಚಿದರೆ ಮಡಚಿಕೊಳ್ಳುತ್ತವೆ, ಮುರಿಯುವುದೇ ಇಲ್ಲ. ಬೆಂಕಿಯ ಸುತ್ತ ಸಾಲಾಗಿ ನಿಲ್ಲಿಸಿ ಒಣಗಿಸಿದೆ. ಸಂಘಮಿತ್ರಾ ಬಂದು ಎರಡು ಎತ್ತಿಕೊಂಡು ಹೋದಳು, ಕೇಳಲೂ ಇಲ್ಲ.

ಉಣ್ಣಲು ಕರೆಯುತ್ತಿದ್ದಾರೆ. ಸಾಮಾನು ತರುವ ಜೀಪಿನವನು ನಾಳೆ ಊರಿಗೆ ಹೋಗುತ್ತಾನಂತೆ, ಅವನ ಕೈಗೆ ಇದನ್ನು ಕೊಡುತ್ತೇನೆ. ಮೆಹನಾಜಳಿಗೆ ಆಶೀರ್ವಾದ.

ನಿನ್ನ
ಗುರುಲಿಂಗಪ್ಪ

*

ಅದೇ ಕಾಡು, ಅದೇ ಕಲ್ಲು
೨೦ ಅಕ್ಟೋಬರ್ ೨೦೨೪, ರವಿವಾರ

ಹನೀಫ, ದೋಸ್ತ,

ಮೊದಲನೇ ಪತ್ರ ಮುಟ್ಟುವ ಮೊದಲೇ ಎರಡನೆಯದು ಶುರು ಮಾಡಿದ್ದೇನೆ. ಕ್ಷೇಮಸಮಾಚಾರ ಕೇಳುವಷ್ಟು ವ್ಯವಧಾನವಿಲ್ಲ, ಕ್ಷಮಿಸು. ಹೊಟ್ಟೆಯೊಳಗೆ ಸುದ್ದಿ ಕುದಿಯುತ್ತಿದೆ. ಹಗಲೆಲ್ಲ ಬಾಯಿ ಬಂದ್ ಇದ್ದರೆ ಸಂಜೆ ಹೀಗೇ ಆಗುವುದು. ಸಂಜೀವಕುಮಾರ ಆ ಕಡೆ ಅಡುಗೆಯವನನ್ನು ಹಿಡಿದು ಬಾಕಿ ತೀರಿಸಿಕೊಳ್ಳುತ್ತಿದ್ದಾನೆ, ನಾನು ಈ ಹಾಳೆಯ ಮೇಲೆ.

ಮೊದಲು ಉಂಬಳದ ಸುದ್ದಿ. ನಮ್ಮ ಕಡೆಯ ಜಿಗಣಿಯ ಜಾತಿ ಅದು. ಆದರೆ ನಮ್ಮದು ಕೆರೆಯಲ್ಲಿ ಮರ್ಯಾದೆಯಿಂದ ಇರುತ್ತದೆ, ಇದು ಎಲೆಯ ತುದಿಯಲ್ಲಿ ಎದ್ದು ನಿಂತು ದಾರಿ ಕಾಯುತ್ತದೆ. ಸಾಕ್ಸಿನೊಳಗೆ ತಂಬಾಕು ಪುಡಿ ಹಾಕಿ, ಪೈಜಾಮವನ್ನು ಕಟ್ಟಿ, ಏನೆಲ್ಲ ಮಾಡಿದರೂ ಒಂದು ಬಂದು ಎಲ್ಲಿ ಕಚ್ಚಬೇಕೋ ಅಲ್ಲಿ ಕಚ್ಚಿತು. ಎಲ್ಲಿ ಎಂದು ಬರೆಯುವುದಿಲ್ಲ. ಪತ್ರ ಮೆಹನಾಜಳ ಕೈಗೂ ಸಿಗುತ್ತದೆ.

ಇನ್ನು ಬಾಯಿ ಬಂದ್ ಕಥೆ ಕೇಳು. ಮುಷ್ಟಿ ಎತ್ತಿದರೆ ನಿಲ್ಲು. ಅಂಗೈ ಕೆಳಗೆ ಮಾಡಿದರೆ ಕೂರು. ಎರಡು ಬೆರಳು ಕಣ್ಣಿನ ಹತ್ತಿರ ತಂದು ಮೇಲಕ್ಕೆ ತೋರಿಸಿದರೆ ಅಲ್ಲಿ ನೋಡು. ಇಷ್ಟೇ. ಮೊದಲ ದಿನ ಎಲ್ಲರೂ ಕೈ ಎತ್ತಲು ಹೋಗಿ ಬಾಯಿ ಬಿಟ್ಟರು, ಭಾಗ್ಯಜ್ಯೋತಿಯಂತೂ ಒಂದು ಕೆಂಪು ಅಳಿಲು ನೋಡಿ "ಅಯ್ಯ ನಮ್ಮವ್ವ!" ಎಂದು ಚೀರಿದಳು. ಅಳಿಲೆಂದರೆ ನಮ್ಮ ಅಂಗಳದ್ದಲ್ಲ ಮತ್ತೆ. ಬೆಕ್ಕಿಗಿಂತ ದೊಡ್ಡದು, ಬಾಲ ಅದರ ಮೈಗಿಂತ ಉದ್ದ, ಬಣ್ಣ ಹೊಸ ಹೆಂಚಿನದು. ಈ ಗಿಡದಿಂದ ಆ ಗಿಡಕ್ಕೆ ಹಾರುವಾಗ ಟೊಂಗೆ ಧಡ್ ಎಂದು ಬಗ್ಗುತ್ತದೆ. ಆಮೇಲೆ ಒಂದು ಓತಿಕ್ಯಾತ ನೋಡಿದೆವು. ಗಿಡದ ತೊಗಟೆಗೆ ಅಂಟಿ ತೊಗಟೆಯೇ ಆಗಿ ಕೂತಿತ್ತು. ಸಂಘಮಿತ್ರಾ ಬೆರಳು ತೋರಿಸಿದಳು, ನಾನು ಅಲ್ಲೇನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಷ್ಟರಲ್ಲಿ ಅದು ಪಕ್ಕೆಯ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಗಾಳಿಯಲ್ಲಿ ತೇಲಿ ಹೋಯಿತು! ಓತಿ ಹಾರುತ್ತದೆ ಮಾರಾಯ! ಊರಲ್ಲಿ ಹೇಳಿದರೆ ಗುರುಲಿಂಗಪ್ಪ ಕಾಡಿಗೆ ಹೋಗಿ ಕುಡಿದು ಬಂದ ಎನ್ನುತ್ತಾರೆ. ನೀನಾದರೂ ನಂಬು.

ಎರಡನೇ ದಿನಕ್ಕೆ ಎಲ್ಲರಿಗೂ ಸುಮ್ಮನಿರುವುದು ರೂಢಿಯಾಯಿತು. ಒಂದು ಹಳ್ಳದ ದಂಡೆಯಲ್ಲಿ ಮುಂಜಾನೆಯೆಲ್ಲ ಕೂತೆವು. ಯಾರೂ ಒಂದು ಶಬ್ದ ಆಡಲಿಲ್ಲ. ಬೇಸರ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಸಂಜೀವಕುಮಾರ ನನಗೆ ಸನ್ನೆ ಮಾಡಿ ನೀರು ಕೇಳಿದ, ನಾನು ಕೊಟ್ಟೆ. ಎದುರಿನ ಬಂಡೆಯ ಮೇಲೆ ನೀರುನಾಯಿಗಳು ಮರಿಗಳ ಸಮೇತ ಬಂದು ಮೀನು ಹಿಡಿದು ಕರಕರ ತಿಂದವು. ಅವನು ನನ್ನ ಮೊಣಕಾಲು ಒತ್ತಿ ಹಿಡಿದ, ನಾನು ಅವನ ಕೈ ಒತ್ತಿದೆ. ನನಗೆ ಆ ಮನುಷ್ಯ ಅವತ್ತೇ ಇಷ್ಟವಾದದ್ದು ನೋಡು. ಸಂಜೆ ಕ್ಯಾಂಪಿಗೆ ಬಂದಾಗ ಭಾಗ್ಯಜ್ಯೋತಿ ನಕ್ಕು ನಕ್ಕು ಹೇಳಿದಳು: "ಕಾಕಾರ, ಲಗ್ನ ಆದಮ್ಯಾಲೆ ಇವತ್ತ ಮೊದಲನೇ ಸಲ ಇವರ ಜೋಡಿ ಸುಮ್ನ ಕುಂತೀನ್ರಿ. ಚೊಲೊ ಅನಿಸಾಕತ್ತದ."

ಆಗ ನನಗೆ ಹೊಳೆಯಿತು ಹನೀಫ, ಮೊದಲ ದಿನ ಎದೆ ಯಾಕೆ ಹೊಡೆದುಕೊಂಡಿತು ಎಂಬುದು. ಆ ದಂಡೆಯ ಮೇಲೆ ಕೂತವರಲ್ಲಿ ಯಾರಿಗೆ ಮಾತು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಹೊರಗಿನವನು ನೋಡಿದರೆ ಹೇಳಲಾರ. ಎಲ್ಲರ ಕೊರಳಿಗೂ ಹುಳದ ಕಾಟಕ್ಕೆ ವಸ್ತ್ರ ಸುತ್ತಿದೆ. ನಿನ್ನ ಕೊರಳಿನ ತೂತಿನ ಮೇಲೂ ಒಂದು ಇದ್ದರೆ ಯಾರು ಕೇಳುತ್ತಾರೆ? ಇಲ್ಲಿ ನೀನು ರೋಗಿಯಲ್ಲ. ಎಲ್ಲರ ಹಾಗೆ ನೀನೂ ಒಬ್ಬ.

ಗಲಿಬಿಲಿಯಾದದ್ದೂ ಆ ದಿನವೇ, ಅಂದರೆ ನಿನ್ನೆ ಮಧ್ಯಾಹ್ನ. ನಾನು ಇವತ್ತು ಕೂತು ಈ ಪತ್ರ ಬರೆಯುತ್ತಿದ್ದರೆ ಅದು ನಿನ್ನ ಕೃಪೆ, ಸತ್ತಿದ್ದರೂ ನಿನ್ನದೇ ಕೃಪೆಯಾಗುತ್ತಿತ್ತು! ಏನಾಯಿತೆಂದರೆ, ಬೆತ್ತದ ಪೊದೆಗಳ ನಡುವಿನ ದಾರಿಯಲ್ಲಿ ಹೋಗುವಾಗ ಮಂಜು ಇಳಿಯಿತು. ಕೈಸನ್ನೆ ಕಾಣುವುದಿಲ್ಲ. ಹಾಗಾದಾಗ ಸೀಟಿ ಎಂದು ಸಂಘಮಿತ್ರಾ ಮೊದಲೇ ಹೇಳಿದ್ದಳು. ಅವಳ ಲೆಕ್ಕ ಹೀಗೆ: ಉದ್ದಕ್ಕೆ ಒಂದು ಸೀಟಿ ಊದಿದರೆ ಎಲ್ಲರೂ ಅವಳ ಹತ್ತಿರ ಬರಬೇಕು, ಚಿಕ್ಕದಾಗಿ ಎರಡು ಊದಿದರೆ ಇದ್ದಲ್ಲೇ ಕಲ್ಲಾಗಬೇಕು, ಮುಂದೆ ಅಪಾಯವಿದೆ ಎಂದರ್ಥ. ನಾನು ಕೇಳಿಸಿಕೊಂಡಿದ್ದೆ, ತಲೆಯಾಡಿಸಿಯೂ ಇದ್ದೆ. ಆದರೆ ತಲೆ ಕೇಳಿದರೆ ಆಯಿತೇ? ಕಾಲು ಕೇಳಬೇಡವೇ?

ಭಾಗ್ಯಜ್ಯೋತಿಯ ಕಾಲಿನ ಉಂಬಳ ತೆಗೆಯಲು ಸಂಘಮಿತ್ರಾ ಹಿಂದೆ ನಿಂತಿದ್ದಳು. ನಾನು ಎಲ್ಲರಿಗಿಂತ ಮುಂದಿದ್ದೆ. ಮುಂದಿನ ಪೊದೆಯಲ್ಲಿ ಏನೋ ದೊಡ್ಡದು ಬೆತ್ತ ಮುರಿಯುವ ಸದ್ದು ಅವಳ ಕಿವಿಗೆ ಬಿತ್ತಂತೆ. ಹಿಂದಿನಿಂದ ಬಂತು ನೋಡು, ಪೀಪ್, ಪೀಪ್! ಎರಡು ಸೀಟಿ! ನಿನ್ನ ಡಬಲ್ ಸೀಟಿಗೆ ಗಾಡಿ ಎತ್ತಿ ಎತ್ತಿ ಪಳಗಿದ ಮೈ ಇದು. ರೈಟ್ ಎಂದುಕೊಂಡು ಹೊರಟೇಬಿಟ್ಟೆ. ಅವಳು ಮತ್ತೆ ಎರಡು ಊದಿದಳು. ಕಂಡಕ್ಟರಿಗೆ ಅವಸರವಿದೆ ಎಂದುಕೊಂಡು ನಾನು ಇನ್ನೂ ಜೋರಾಗಿ ನಡೆದೆ! ಹಿಂದಿನವರೆಲ್ಲ ಕಲ್ಲಾಗಿ ನಿಂತಿದ್ದಾರೆ, ನಾನು ಸರ್ವೀಸ್ ಗಾಡಿಯ ಹಾಗೆ ಮಂಜಿನೊಳಗೆ ಹೋಗುತ್ತಿದ್ದೇನೆ. ಎದುರಿಗೆ ಒಂದು ಕರಿ ಬಂಡೆ ಕಂಡಿತು. ಬಂಡೆ ಉಸಿರು ಬಿಟ್ಟಿತು.

ಕಾಡುಕೋಣ, ಹನೀಫ! ನಮ್ಮ ಜೀಪಿಗಿಂತ ಎತ್ತರ. ಕಾಲಿಗೆ ಬಿಳಿ ಸಾಕ್ಸು ಹಾಕಿದ ಹಾಗೆ ಮೊಣಕಾಲ ತನಕ ಬಿಳುಪು. ಅದು ತಲೆ ತಗ್ಗಿಸಿ ಬುಸ್ ಎಂದಿತು. ಅಷ್ಟರಲ್ಲಿ ಸಂಘಮಿತ್ರಾ ಬೇರೆ ದಾರಿ ಕಾಣದೆ ನನ್ನನ್ನು ವಾಪಸ್ ಕರೆಯಲು ಉದ್ದಕ್ಕೆ ಒಂದು ಸೀಟಿ ಊದಿದಳು. ಒಂದೇ ಸೀಟಿ! ನನ್ನ ಬಲಗಾಲು ತಾನಾಗಿ ಬ್ರೇಕ್ ಒತ್ತಿತು. ಕಲ್ಲಿನಂತೆ ನಿಂತೆ. ಓಡಿದ್ದರೆ ಅದು ಬೆನ್ನು ಹತ್ತುತ್ತಿತ್ತಂತೆ. ಅದು ನನ್ನನ್ನು ಮೇಲಿಂದ ಕೆಳಗೆ ನೋಡಿತು, ಖಾಕಿ ಅಂಗಿ ನೋಡಿ ಸರಕಾರಿ ಮನುಷ್ಯ ಎಂದುಕೊಂಡಿತೋ ಏನೋ, ಪೊದೆ ಮುರಿಯುತ್ತ ಕೆಳಗೆ ಇಳಿದು ಹೋಯಿತು.

ಸಂಘಮಿತ್ರಾ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ಕಾಕಾ! ಕಿವಿ ಕೇಳಂಗಿಲ್ಲೇನು ನಿಮಗ? ಸಾಯಾಕ ಬಂದೀರೇನು ಇಲ್ಲೆ? ಎರಡ ಊದಿದ್ರ ನಿಂದರಬೇಕಂತ ಹೇಳಿದ್ದಿಲ್ಲ?"

"ತಂಗಿ, ಎರಡ ಊದಿದ್ರ ರೈಟ್ ಅಲ್ಲೇನವಾ?" ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು, ಅಂಗಿ ನೋಡಿದಳು. ಆಮೇಲೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬಾಯಿ ಬಂದ್ ರೂಲನ್ನು ಅವಳೇ ಮುರಿದಳು. "ಆತ್ರಿ, ಇನ್ಮ್ಯಾಲೆ ಈ ಬ್ಯಾಚಿಗೆ ಇಂಡಿ ಡಿಪೊದ ರೂಲು. ಒಂದ ಊದಿದ್ರ ಸ್ಟಾಪ್, ಎರಡ ಊದಿದ್ರ ರೈಟ್. ಎಲ್ಲಾರೂ ಕೇಳಿದ್ರಿಲ್ಲ?" ಎಂದಳು. ಇವತ್ತೆಲ್ಲ ಅದೇ ರೂಲಿನಲ್ಲಿ ನಡೆದೆವು. ಸಂಜೀವಕುಮಾರನಂತೂ ಎರಡು ಸೀಟಿ ಕೇಳಿದ ಕೂಡಲೇ ಗೇರು ಹಾಕುವ ಹಾಗೆ ಕೈ ಮಾಡಿ ಹೊರಡುತ್ತಾನೆ.

ಇವತ್ತಿನದನ್ನು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಮುಂಜಾನೆ ನಮ್ಮ ಕಾಲುದಾರಿ ಡಾಂಬರು ರಸ್ತೆಯನ್ನು ದಾಟುತ್ತದೆ. ದಾಟುವ ಮೊದಲು ಪೊದೆಯಲ್ಲಿ ಕೂರಿಸಿದಳು. ಆ ತಿರುವು ನೋಡಿದ ಕೂಡಲೇ ಗುರುತು ಹಿಡಿದೆ. ಒಡೆದ ತಡೆಗೋಡೆಯ ತಿರುವು! ನಾನು ಸೆಕೆಂಡ್ ಗೇರಿಗೆ ಇಳಿಸುತ್ತಿದ್ದ ಜಾಗ. ನೋಡುತ್ತಿದ್ದಂತೆ ಒಂದು ಕೆಂಪು ಬಸ್ಸು ಕೊಸರುತ್ತ ಬಂತು. ಕಿಟಕಿಗಳಲ್ಲಿ ಎಲ್ಲರೂ ಬಾಯಿ ತೆರೆದು ನಿದ್ದೆ. ಡ್ರೈವರನ ಕಣ್ಣು ರಸ್ತೆಯ ಮೇಲೆ. ನಾವು ಅಷ್ಟು ಜನ ಅಲ್ಲೇ ಇದ್ದದ್ದು ಯಾರಿಗೂ ಕಾಣಲಿಲ್ಲ. ಬಸ್ಸು ಹೋಯಿತು, ಶಬ್ದವೂ ಹೋಯಿತು. ಆಗ ನಮ್ಮ ತಲೆಯ ಮೇಲೆ ಏರ್ ಬ್ರೇಕ್ ಬಿಟ್ಟ ಹಾಗೆ ಶೂ, ಶೂ, ಶೂ ಎಂದು ಕೇಳಿಸಿತು. ಎರಡು ಬೆರಳು ಕಣ್ಣಿಗೆ ತಂದು ಸಂಘಮಿತ್ರಾ ಮೇಲೆ ತೋರಿಸಿದಳು.

ಮಂಗಟ್ಟೆ ಹಕ್ಕಿ. ದೊಡ್ಡ ಜಾತಿಯದು. ರೆಕ್ಕೆ ಅಗಲಿಸಿದರೆ ಒಂದು ಹಾಸಿಗೆಯಷ್ಟು. ಹಳದಿ ಕೊಕ್ಕು, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಇಟ್ಟ ಹಾಗೆ. ರಸ್ತೆಯ ಪಕ್ಕದಲ್ಲೇ ಇರುವ ಹಣ್ಣಿನ ಗಿಡಕ್ಕೆ ಒಂದರ ಹಿಂದೆ ಒಂದು ಬಂದು ಇಳಿದವು. ಹಣ್ಣನ್ನು ಮೇಲಕ್ಕೆ ಎಸೆದು ಬಾಯಲ್ಲಿ ಹಿಡಿದು ನುಂಗುತ್ತವೆ, ಚುರಮುರಿ ತಿನ್ನುವ ಹುಡುಗರ ಹಾಗೆ. ನನ್ನ ಮೈ ಮೇಲೆ ರೋಮ ಎದ್ದವು. ಇದೇ ತಿರುವಿನಲ್ಲಿ ನೀನು ಎಷ್ಟು ಸಲ ಹಿಂದಿನಿಂದ ಕೂಗಿದ್ದೀಯೋ: "ಗುರು, ಮ್ಯಾಲೆ ಏನೋ ದೊಡ್ಡದು ಹಾರಿತಲೇ! ಗಾಡಿ ಹಗೂರ ಮಾಡು!" ನಾನು ನಿದ್ದೆಗಣ್ಣಿನವನಿಗೆ ಹದ್ದು ಕಂಡಿದೆ ಎಂದು ನಗುತ್ತಿದ್ದೆ. ಹದ್ದಲ್ಲ ದೋಸ್ತ, ನೀನು ಕಂಡದ್ದು ಇದೇ. ಈ ರಾಜಹಕ್ಕಿಯನ್ನು ನಮ್ಮಿಬ್ಬರಲ್ಲಿ ಮೊದಲು ನೋಡಿದವನು ನೀನು. ನನಗೆ ಖುಷಿಯಿಂದ ಅಳು ಬಂತು, ಭಾಗ್ಯಜ್ಯೋತಿ ಮತ್ತೆ ಉಂಬಳ ಕಚ್ಚಿತೆಂದು ತಿಳಿದು ನನ್ನ ಪೈಜಾಮ ಝಾಡಿಸತೊಡಗಿದಳು.

ಕ್ಯಾಂಪಿಗೆ ಮರಳಿ ಬಾಯಿ ಬಿಚ್ಚಿದ ಕೂಡಲೇ ನಿನ್ನ ವಿಷಯವನ್ನು ಸಂಘಮಿತ್ರಾಗೆ ಎಲ್ಲ ಹೇಳಿದೆ. ಹೀಗೆ ಹೀಗೆ, ಕೊರಳಿನ ತೂತಿನಿಂದ ಉಸಿರಾಡುತ್ತಾನೆ, ಮಾತಿಲ್ಲ, ಸೀಟಿ ಊದಲೂ ಆಗುವುದಿಲ್ಲ, ಯಾರ ಮುಂದೆಯೂ ಬರುವುದಿಲ್ಲ, ಕರೆದುಕೊಂಡು ಬರಬಹುದೇ ಎಂದು ಕೇಳಿದೆ. ಅವಳು ಕನಿಕರ ಗಿನಿಕರ ಏನೂ ಮಾಡಲಿಲ್ಲ. "ನನಗ ಮಾತಾಡೋ ಮಂದಿದ ತ್ರಾಸ ಕಾಕಾ. ಮಾತಾಡ್ಲಾರದವರನ್ನ ಕರ್ಕೊಂಡ್ ಬರ್ರಿ, ಪುಣ್ಯಾ ಬರ್ತದ. ಡಾಕ್ಟರ್ ಹೂಂ ಅಂದಿರಬೇಕು, ಹೊಳ್ಯಾಗ ಇಳಿಸಂಗಿಲ್ಲ, ಅಷ್ಟ" ಎಂದಳು. ಒಣಗಾಳಿ, ಧೂಳು ನಿನ್ನ ಕೊರಳಿಗೆ ಆಗುವುದಿಲ್ಲ, ಹಸಿ ಗಾಳಿ ಒಳ್ಳೆಯದು ಎಂದು ಡಾಕ್ಟರೇ ಹೇಳಿದ್ದಾರೆಂದು ಮೆಹನಾಜ್ ತಿಳಿಸಿದ್ದಳಲ್ಲ? ಇಲ್ಲಿ ಗಾಳಿ ಹಿಂಡಿದರೆ ನೀರು ಬರುತ್ತದೆ. ಮುಂದಿನ ಬ್ಯಾಚು ಸಂಕ್ರಾಂತಿ ಮುಗಿದ ಮೇಲೆ. ನಾನು ಯಾರನ್ನೂ ಕೇಳದೆ ಇಬ್ಬರ ಹೆಸರು ಹೇಳಿಬಿಟ್ಟಿದ್ದೇನೆ.

ಬೈಯುವುದಿದ್ದರೆ ಕಾಗದದಲ್ಲಿ ಬರೆದು ಬೈ.

ನಿನ್ನ
ಗುರುಲಿಂಗಪ್ಪ

*

ಇಂಡಿ
೧೯ ನವೆಂಬರ್ ೨೦೨೪, ಮಂಗಳವಾರ

ಪ್ರಿಯ ಹನೀಫ,

ನಿನ್ನ ಕಾರ್ಡು ಬಂತು! ಪೋಸ್ಟ್‌ಮ್ಯಾನ್ ಕೈಯಿಂದ ಕಸಿದುಕೊಂಡೆ ಎಂದರೂ ನಡೆದೀತು. ಅಲ್ಲೇ ಕಟ್ಟೆಯ ಮೇಲೆ ನಿಂತು ಓದಿದೆ, ಒಳಗೆ ಬಂದು ಇಂದುಬಾಯಿಗೆ ಓದಿ ಹೇಳಿದೆ, ಸಂಜೆ ಝಳಕಿಯಿಂದ ಬಂದ ತಮ್ಮನಿಗೂ ತೋರಿಸಿದೆ. ಇಡೀ ಕಾರ್ಡಿನಲ್ಲಿ ನೀನು ಬರೆದದ್ದು ಇಷ್ಟೇ: "ಎರಡೂ ಪತ್ರ ಓದಿದೆ. ನಾನು ಬರುವುದಿಲ್ಲ. ಕಾಡುಕೋಣಕ್ಕೆ ಟಿಕೆಟ್ ಕೊಟ್ಟವರು ಯಾರು?"

ಬರುವುದಿಲ್ಲ ಎಂದದ್ದು ಓದಿ ಇಂದುಬಾಯಿಯ ಮುಖ ಸಣ್ಣದಾಯಿತು. ನನ್ನದು ಆಗಲಿಲ್ಲ. "ಹುಚ್ಚಿ, ಕಡೀ ಸಾಲು ನೋಡು. ಚ್ಯಾಷ್ಟಿ ಮಾಡ್ಯಾನ. ಚ್ಯಾ‌ಷ್ಟಿ ಮಾಡಿದಾಂವ ಒಳಗ ಜೀವಂತ ಅದಾನ" ಎಂದೆ. ಆಪರೇಶನ್ ಆದ ಮೇಲೆ ನಿನ್ನಿಂದ ಬಂದ ಮೊದಲ ಮಾತು ಅದು. ಕೈಯಿಂದ ಬಂತೋ ಬಾಯಿಂದ ಬಂತೋ, ನನಗೇನು? ನಿನ್ನದೇ ಧಾಟಿ, ನಿನ್ನದೇ ಕೊಂಕು.

ಮೆಹನಾಜ್ ನಿನ್ನೆ ಫೋನು ಮಾಡಿದ್ದಳು. "ಕಾಕಾ, ಡಾಕ್ಟರ್ ಹೂಂ ಅಂದಾರ್ರಿ. ಅಬ್ಬಾ ಅಷ್ಟ ಊಹೂಂ ಅನ್ನಾಕತ್ತಾರ. ಆದ್ರ ನಿಮ್ಮ ಪತ್ರ ದಿಂಬಿನ ಕೆಳಗ ಇಟ್ಕೊಂಡಾರ" ಎಂದಳು. ನಿನ್ನ ಖಾಕಿ ಅಂಗಿಯನ್ನು ಟ್ರಂಕಿನಿಂದ ತೆಗೆದು ಒಗೆದು ಹಾಕಿದ್ದಾಳಂತೆ. ನೀನು ನೋಡಿಯೂ ಏನೂ ಅನ್ನಲಿಲ್ಲವಂತೆ. ಜಾಣ ಹುಡುಗಿ.

ಇಲ್ಲಿ ಎಲ್ಲ ಕ್ಷೇಮ. ಜೋಳ ಮೊಣಕಾಲುದ್ದ ಬಂದಿದೆ. ನಾನು ದಿನಾ ಮುಂಜಾನೆ ಅಗರಖೇಡ ರಸ್ತೆಯಲ್ಲಿ ನಡೆಯುತ್ತೇನೆ, ಕಾಲು ಗಟ್ಟಿ ಇರಬೇಕಲ್ಲ. ಸಂಜೀವಕುಮಾರ ವಾರಕ್ಕೊಂದು ಸಲ ಫೋನು ಮಾಡಿ ತಾನೊಬ್ಬನೇ ಮಾತಾಡಿ ಇಡುತ್ತಾನೆ. ಅವನೂ ಹೆಂಡತಿಯೂ ಸಂಕ್ರಾಂತಿ ಬ್ಯಾಚಿಗೆ ಮತ್ತೆ ಬರುತ್ತಾರಂತೆ, ನಿನ್ನನ್ನು ನೋಡಬೇಕಂತೆ. ಆಗ ಮಂಗಟ್ಟೆಗಳು ಜೋಡಿ ಕಟ್ಟಿ ಗೂಡು ಹುಡುಕುವ ಕಾಲ, ಗಿಡದಿಂದ ಗಿಡಕ್ಕೆ ಇಡೀ ದಿನ ಹಾರಾಟ ಎಂದು ಸಂಘಮಿತ್ರಾ ಹೇಳಿ ಕಳಿಸಿದ್ದಾಳೆ. ನೆನೆದರೆ ಈಗಲೇ ಚೀಲ ಕಟ್ಟಬೇಕೆನಿಸುತ್ತದೆ.

ಮೆಹನಾಜಳಿಗೆ ನನ್ನ, ಇಂದುಬಾಯಿಯ ಆಶೀರ್ವಾದ. ನಿನ್ನ ಅಲ್ಲಾಹು, ನನ್ನ ಬಸವಣ್ಣ ಇಬ್ಬರೂ ಸೇರಿ ನಿನ್ನನ್ನು ಚೆನ್ನಾಗಿ ಇಡಲಿ.

ನಿನ್ನ
ಗುರುಲಿಂಗಪ್ಪ

ತಾ. ಕ.: ಮೇಲಿನದನ್ನೆಲ್ಲ ನಗುತ್ತ ಬರೆದೆ. ಇದನ್ನು ನಗದೆ ಬರೆಯುತ್ತಿದ್ದೇನೆ, ಅಂಟಿಸಿದ ಪಾಕೀಟು ಮತ್ತೆ ಬಿಚ್ಚಿ.

ಆಷಾಢದಲ್ಲಿ ನಾನು ಸಿಂದಗಿಗೆ ನಿನ್ನ ಮನೆಗೆ ಬಂದಿದ್ದೆ. ಮೆಹನಾಜ್ ಬಾಗಿಲಲ್ಲೇ "ಅಬ್ಬಾ ಈಗರೆ ಮಲ್ಕೊಂಡಾರ್ರಿ ಕಾಕಾ" ಎಂದಳು. ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖ ಕೆಳಗೆ ಹಾಕಿಕೊಂಡಿದ್ದಳು. ಒಳಗಿನ ಬಾಗಿಲಿನ ಪರದೆಯ ಕೆಳಗೆ ನಿನ್ನ ಎರಡು ಪಾದ ಕಾಣುತ್ತಿದ್ದವು. ನಾನು ಕೂತೆ. ಚಹಾ ಕುಡಿದೆ. ಪರದೆಯ ಆಚೆ ಕೇಳಲಿ ಎಂದು ಮಳೆ, ಬೆಳೆ, ಡಿಪೊ ಎಂದು ಬಾಯಿಗೆ ಬಂದದ್ದನ್ನೆಲ್ಲ ದೊಡ್ಡ ದನಿಯಲ್ಲಿ ಹರಟಿದೆ. ನೀನು ನಿಂತೇ ಇದ್ದೆ. ನಾನು ಎದ್ದು ಬಂದೆ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಇಂಡಿ ಗಾಡಿಗಳು ಎದುರಿಗೆ ಬಂದು ಹೋದವು, ನನಗೆ ಏಳಲಾಗಲಿಲ್ಲ. ಜನರ ಮುಂದೆ ಅತ್ತೆ ಹನೀಫ. ನಿನ್ನ ದನಿ ಹೋದ ದುಃಖವನ್ನು, ಜೀವ ಉಳಿಯಿತಲ್ಲ ಎಂದು ಹೇಗೋ ನುಂಗಿಕೊಂಡಿದ್ದೆ. ಆ ಪರದೆಯನ್ನು ನುಂಗಲು ಆಗಲಿಲ್ಲ. ಊರಿನವರಿಗೆಲ್ಲ ಹಾಕು, ಬೇಡವೆನ್ನುವುದಿಲ್ಲ. ನನಗೂ ಹಾಕಿದೆಯಲ್ಲ.

ಇನ್ನು ನಿನ್ನ ಮನೆಗೆ ಬರುವುದಿಲ್ಲ. ಸಂಕ್ರಾಂತಿ ಮುಗಿದ ಮರು ಸೋಮವಾರ ಮುಂಜಾನೆ ಸಿಂದಗಿ ಬಸ್ ಸ್ಟ್ಯಾಂಡಿಗೆ ಬರುತ್ತೇನೆ. ಹುಬ್ಬಳ್ಳಿ ಗಾಡಿ ಹತ್ತಿ, ಕಿಟಕಿ ಕಡೆಯ ಸೀಟಿಗೆ ನನ್ನ ಟವೆಲ್ ಹಾಕಿ ಹಿಡಿದಿರುತ್ತೇನೆ. ಟವೆಲ್ ಹಾಕಿ ಸೀಟು ಹಿಡಿಯುವವರನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ, ಎಷ್ಟು ಟವೆಲುಗಳನ್ನು ಎತ್ತಿ ಕಿಟಕಿಯ ಹೊರಗೆ ಒಗೆದಿದ್ದೀಯೋ ಲೆಕ್ಕವಿಲ್ಲ. ಬಾ, ಇದನ್ನೂ ಒಗೆ. ನೀನು ಬಂದು ಎತ್ತಿ ಒಗೆಯುವ ತನಕ ಅಲ್ಲಿ ಯಾರನ್ನೂ ಕೂರಗೊಡುವುದಿಲ್ಲ.